ಕೈಗೆ ತಾಗದ ಚೆಂಡು

ಕಾಪುವಿನ ನಮ್ಮ ಸ್ಟೇಡಿಯಂಗೆ ಈಗ ಸಿಮೆಂಟಿನ ಗ್ಯಾಲರಿ ಬಂದಿದೆ. ಕಳೆದ ತಿಂಗಳು ಶಾಲಾ ಮಕ್ಕಳ ಆಟೋಟಕ್ಕೆಂದು ಹೆಂಡತಿಯ ಜೊತೆ ಹೋಗಿದ್ದೆ. ಅವಳು ನೇರ ಮೇಲಿನ ಮೆಟ್ಟಿಲಿಗೆ ಹತ್ತಿ ಕೂತಳು. ನಾನು ಕೆಳಗೇ ನಿಂತು ಗ್ಯಾಲರಿಯ ಬುಡವನ್ನೇ ನೋಡುತ್ತಿದ್ದೆ. ಆಗಷ್ಟೇ ಎಳೆದ ಸುಣ್ಣದ ಗೆರೆಗಳ ಮೇಲೆ ನಾಲ್ಕು ಹನಿ ಮಳೆ ಬಿದ್ದು, ಸುಣ್ಣ ಮತ್ತು ಕೆಂಪು ಮಣ್ಣಿನ ಹಸಿ ವಾಸನೆ ಏಳುತ್ತಿತ್ತು. ಪಕ್ಕದಲ್ಲಿದ್ದ ಯುವಕನೊಬ್ಬ, "ಎಂತ ಸರ್, ಏನಾದರೂ ಬಿದ್ದುಹೋಯಿತಾ?" ಎಂದು ಕೇಳಿದ. ಇಲ್ಲ ಎಂದೆ. ಎತ್ತರದಲ್ಲಿ ಜನ ಕೂತಿದ್ದರೆ ಅವರ ಮುಖ ನೋಡುವ ಮೊದಲು ಅವರನ್ನು ಹೊತ್ತ ಕಂಬಗಳ ಬುಡ ನೋಡುವುದು ನನ್ನ ಅಭ್ಯಾಸ. ಆ ಅಭ್ಯಾಸ ಅಂಟಿಕೊಂಡದ್ದು ಇದೇ ಮೈದಾನದಲ್ಲಿ, ನನ್ನ ಮದುವೆಯಾದ ವರ್ಷ.

ಅದನ್ನು ನಾವು ಸ್ಟೇಡಿಯಂ ಎಂದು ಕರೆಯಲು ಶುರುಮಾಡಿದಾಗ ಅದಕ್ಕೆ ಒಂದು ಆವರಣ ಗೋಡೆ ಸಹ ಇರಲಿಲ್ಲ. ಮೊದಲು ಅದು ಒಂದು ಜಾಗವೂ ಅಲ್ಲ, ಎರಡು. ಕಡಲಿನ ಕಡೆಗೆ, ಅಂದರೆ ಪಶ್ಚಿಮಕ್ಕೆ, ಮುರಕಲ್ಲಿನ ಪಾರೆ, ಬರೀ ಬಂಡೆಯ ನೆಲ. ಅಲ್ಲಿ ಹುಲ್ಲು ಹುಟ್ಟುವುದೂ ಕಷ್ಟ. ಪೂರ್ವಕ್ಕೆ, ಶಾಲೆಯ ಕಡೆಗೆ, ತಗ್ಗಿನ ಗದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ಎಲ್ಲಿಯೋ ರಸ್ತೆ ಅಗಲ ಮಾಡುವಾಗ ತೆಗೆದ ಮಣ್ಣನ್ನು ಲಾರಿಗಳಲ್ಲಿ ತಂದು ಆ ಗದ್ದೆಗೆ ಸುರಿದರು. ಗದಗ, ಬಾಗಲಕೋಟೆ ಕಡೆಯಿಂದ ಬಂದ ಕೆಲಸದವರು ಅಲ್ಲೇ ಶೆಡ್ ಹಾಕಿಕೊಂಡು ಇಡೀ ಬೇಸಿಗೆ ಮಣ್ಣು ಹರಡಿದರು. ಮಳೆಗಾಲ ಕಳೆದು ನೋಡಿದರೆ ಪಾರೆಯೂ ಗದ್ದೆಯೂ ಒಂದೇ ಮಟ್ಟಕ್ಕೆ ಬಂದು, ಎರಡು ಗೋಲು ಕಂಬ ನೆಡುವಷ್ಟು ಉದ್ದದ ಬಯಲಾಗಿತ್ತು. ದೊಡ್ಡವರೊಬ್ಬರು ಬಂದು ಗ್ಯಾಲರಿಗೆ ಶಿಲಾನ್ಯಾಸವನ್ನೂ ಮಾಡಿದರು. ಶಿಲೆ ಉಳಿಯಿತು, ಗ್ಯಾಲರಿ ಬರಲಿಲ್ಲ. ಮಕ್ಕಳು ಆ ಶಿಲೆಯನ್ನು ಕ್ರಿಕೆಟ್ಟಿನ ವಿಕೆಟ್ ಮಾಡಿಕೊಂಡರು.

ಫುಟ್ಬಾಲ್ ನಡೆಯುತ್ತಿದ್ದದ್ದು ವರ್ಷದಲ್ಲಿ ಕೆಲವೇ ದಿನ. ಉಳಿದಂತೆ ಆ ಮೈದಾನಕ್ಕೆ ನೂರೆಂಟು ಕೆಲಸ. ಲೈಸೆನ್ಸ್ ಬೇಕಾದವರು ಅಲ್ಲಿ ಸ್ಕೂಟರಿನಲ್ಲಿ ಎಂಟು ಹಾಕಿ ತೋರಿಸಬೇಕಿತ್ತು. ಸರ್ಕಸ್ಸಿನವರು ಬಂದರೆ ಒಂಟೆ ಕಟ್ಟುತ್ತಿದ್ದದ್ದು ಗೋಲು ಕಂಬಕ್ಕೆ. ಯಕ್ಷಗಾನದ ಡೇರೆ, ಮದುವೆಯ ಕಾರುಗಳು, ಸ್ವಾತಂತ್ರ್ಯ ದಿನದ ಕವಾಯತು, ಮೀನುಗಾರರ ಬಲೆ ಒಣಗಿಸುವುದು ಎಲ್ಲವೂ ಅಲ್ಲೇ. ಬಲೆ ಒಣಗಿಸಿದ ಮರುದಿನ ಆಡಿದವರ ಮೈಯೆಲ್ಲ ಬಂಗುಡೆ ವಾಸನೆ.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಸಿಕ್ಕಿದ ಕೂಡಲೇ ಟೂರ್ನಮೆಂಟು. ಅದಕ್ಕೆ ಮಾತ್ರ ಊರವರೇ ಸೇರಿ ಗ್ಯಾಲರಿ ಕಟ್ಟುತ್ತಿದ್ದರು. ಅಡಿಕೆ ಮರದ ಕಂಬ, ಅಡಿಕೆ ಮರದ್ದೇ ಸೀಳಿದ ಹಲಗೆ, ಬಿಗಿಯಲು ತೆಂಗಿನ ನಾರಿನ ಹಗ್ಗ. ಕಂಬ ನಿಲ್ಲಿಸಲು ಪಾರೆಯಲ್ಲಿ ಯಾವಾಗಲೋ ಕಡಿದಿಟ್ಟ ಗುಂಡಿಗಳ ಸಾಲು ಇತ್ತು. ಆ ಗುಂಡಿಗೆ ಇಳಿಸಿ ಕಲ್ಲಿನ ಚೂರು ಜಡಿದ ಕಂಬ ಆನೆ ಬಂದು ಮೈ ತಿಕ್ಕಿದರೂ ಅಲ್ಲಾಡುತ್ತಿರಲಿಲ್ಲ.

ನಮ್ಮ ಗ್ಯಾಲರಿಯ ಜನಕ್ಕೆ ಎರಡು ಚಾಳಿಗಳಿದ್ದವು. ಖುಷಿಯಾಗಲಿ ಸಿಟ್ಟಾಗಲಿ, ಎಲ್ಲರೂ ಒಟ್ಟಿಗೆ ಹಲಗೆಯ ಮೇಲೆ ಕಾಲು ಕುಟ್ಟುತ್ತಿದ್ದರು. ಇನ್ನೊಂದು, ಪೆನಾಲ್ಟಿ ಸಿಕ್ಕಿತೆಂದರೆ ಗಂಡಸರಲ್ಲೊಬ್ಬರೂ ಕೂತಲ್ಲಿ ಕೂರುತ್ತಿರಲಿಲ್ಲ. ಇಳಿದು ಓಡಿ ಗೋಲಿನ ಸುತ್ತ ಗೋಡೆ ಕಟ್ಟಿದಂತೆ ನಿಲ್ಲಬೇಕು, ಚೆಂಡು ಒಳಗೆ ಹೋಗುವುದನ್ನು ಹತ್ತಿರದಿಂದಲೇ ನೋಡಬೇಕು. "ದಯವಿಟ್ಟು ಪ್ರೇಕ್ಷಕರು ಮೈದಾನಕ್ಕೆ ಇಳಿಯಬಾರದು" ಎಂದು ಮೈಕಿನಲ್ಲಿ ಬಾಯಿ ಹರಿದುಕೊಳ್ಳುವುದು ನನ್ನ ಪಾಲಿನ ಕೆಲಸ. ನಾನು ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದವನು. ಕನ್ನಡ ಮಾಸ್ಟ್ರಾದವನು ವೀಕ್ಷಕ ವಿವರಣೆಯನ್ನೂ ಕೊಡಬೇಕು ಎಂದು ಊರು ತೀರ್ಮಾನಿಸಿತ್ತು.

ಅದು ಎರಡು ಸಾವಿರದ ನಾಲ್ಕು, ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ಬಂದ ವರ್ಷ. ಪ್ರಚಾರಕ್ಕೆ ಯಾರೋ ಹೆಲಿಕಾಪ್ಟರಿನಲ್ಲಿ ಬರುತ್ತಾರೆಂದು ನಮ್ಮ ಮೈದಾನದ ನಡುವೆ ಸುಣ್ಣದಲ್ಲಿ ದೊಡ್ಡ ವೃತ್ತ ಬರೆದು ಒಳಗೆ ಇಂಗ್ಲಿಷಿನ ಹೆಚ್ ಅಕ್ಷರ ಹಾಕಿದರು. ಪಾರೆಯ ಬದಿಯಲ್ಲಿ ಕಾರುಗಳು ನಿಲ್ಲಬೇಕಲ್ಲ. ಚಕ್ರ ಸಿಕ್ಕಿಕೊಳ್ಳಬಾರದೆಂದು ಗ್ಯಾಲರಿಯ ಗುಂಡಿಗಳಿಗೆಲ್ಲ ಜಲ್ಲಿ ಸಿಮೆಂಟು ಸುರಿದು ರೋಲರ್ ಓಡಿಸಿದರು. ಹೆಲಿಕಾಪ್ಟರ್ ಬಂತು, ಧೂಳೆಬ್ಬಿಸಿತು, ಹೋಯಿತು. ನಮ್ಮ ಟೂರ್ನಮೆಂಟು ಮೇ ಕೊನೆಗೆ ಹೋಯಿತು.

ಟೂರ್ನಮೆಂಟಿನ ಕಾರ್ಯದರ್ಶಿ ಸದಾನಂದ, ಹೆದ್ದಾರಿ ಬದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ನನ್ನ ಜೊತೆ ಕಲಿತವನು, ಆದರೂ ಊರವರ ಹಾಗೆ ನನ್ನನ್ನು ಮಾಸ್ಟ್ರೇ ಎಂದೇ ಕರೆಯುತ್ತಿದ್ದ. ಗುಂಡಿ ಮುಚ್ಚಿದ್ದು ನೋಡಿ ತಲೆ ಕೆರೆದುಕೊಂಡ.

"ಈ ಸಲ ಶಾಲೆಯ ಬದಿಗೆ ಹಾಕುವ, ಮಾಸ್ಟ್ರೇ. ಅಲ್ಲಿ ಗುಂಡಿ ತೋಡುವುದು ಬೆಣ್ಣೆಗೆ ಕೈ ಹಾಕಿದ ಹಾಗೆ. ಪಾರೆ ಕಡಿಯಲಿಕ್ಕೆ ಈಗ ಯಾರು ಕೂರುತ್ತಾರೆ?"

"ಅದು ತುಂಬಿಸಿದ ಮಣ್ಣಲ್ವಾ? ಮಳೆ ಬಂದರೆ?"

"ನಿಮಗೆ ಗ್ಯಾಸ್ ಒಲೆ ಕಂಡರೂ ಹೆದರಿಕೆ, ನಾಯಿ ಕಂಡರೂ ಹೆದರಿಕೆ. ಸುಮ್ಮನಿರಿ ಮಾರಾಯ್ರೇ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಹುಟ್ಟಾ ಪುಕ್ಕಲ. ಬಾಗಿಲಿಗೆ ಬೀಗ ಹಾಕಿ ಬಸ್ ಸ್ಟ್ಯಾಂಡ್ ತನಕ ಹೋದವನು ಬೀಗ ಎಳೆದು ನೋಡಲೆಂದು ಮತ್ತೆ ಮನೆಗೆ ಬರುತ್ತಿದ್ದೆ. ಇಂಥವನು ಎಚ್ಚರಿಕೆ ಹೇಳಿದರೆ ಕೇಳುವವರು ಯಾರು? ಒಂದೆರಡು ಸಲ ಹೇಳಿ ನಾನೂ ಸುಮ್ಮನಾದೆ.

ಆ ವರ್ಷ ಮಳೆ ಬೇಗ ಬಂತು. ಫೈನಲ್ಲಿಗೆ ಮೊದಲಿನ ವಾರದಲ್ಲಿ ಎರಡು ಸಲ ಚೆನ್ನಾಗಿ ಸುರಿಯಿತು. ಫೈನಲ್ ದಿನ ಮೋಡವಿತ್ತು, ಮಳೆ ಇರಲಿಲ್ಲ. ಆಟ ನಮ್ಮೂರಿನ ತಂಡಕ್ಕೂ ಹೂಡೆಯವರಿಗೂ. ಹೂಡೆಯ ಹುಡುಗರು ಹೊಳೆ ಕಡಲುಗಳಲ್ಲಿ ಬಲೆ ಎಳೆದು ಬೆಳೆದವರು, ಕಾಲಿನ ಹೊಡೆತ ಎಂದರೆ ಸಿಡಿಲು. ಸುತ್ತಲಿನ ಊರುಗಳೆಲ್ಲ ಬಂದು ಗ್ಯಾಲರಿಯಲ್ಲಿ ತುಂಬಿದವು.

ನನ್ನ ಹೆಂಡತಿ ಸುಜಾತ ಹೆಬ್ರಿ ಕಡೆಯವಳು. ಮದುವೆಯಾಗಿ ಇನ್ನೂ ಹೊಸತು, ಫುಟ್ಬಾಲ್ ನೋಡಿದವಳಲ್ಲ. ಗಂಡ ಮೈಕಿನಲ್ಲಿ ಮಾತಾಡುವುದನ್ನು ಕೇಳಬೇಕೆಂದು ಪಕ್ಕದ ಮನೆಯ ಗಿರಿಜಕ್ಕನ ಜೊತೆ ಬಂದಿದ್ದಳು. ಗಿರಿಜಕ್ಕ ಬೀಡಿ ಕಟ್ಟಿ ಮಗನನ್ನು ಬೆಳೆಸಿದ ಹೆಂಗಸು. ಮಗ ದಿನೇಶ ನಮ್ಮ ತಂಡದ ಡಿಫೆಂಡರ್. ಉಳಿದ ದಿನ ಬಸ್ ಕಂಡಕ್ಟರ್. ಹೆಂಗಸರ ಭಾಗ ಗ್ಯಾಲರಿಯ ಒಂದು ತುದಿಯಲ್ಲಿತ್ತು. ಇಬ್ಬರೂ ಅದರ ಎಲ್ಲಕ್ಕಿಂತ ಮೇಲಿನ ಹಲಗೆ ಹಿಡಿದರು. ಅಲ್ಲಿಂದ ಕಡಲೂ ದೀಪಸ್ತಂಭವೂ ಕಾಣುತ್ತದೆಂದು ಸುಜಾತ ನನಗೆ ಕೈಸನ್ನೆಯಲ್ಲೇ ಹೇಳಿದಳು.

ನನ್ನ ಮೇಜು ಗ್ಯಾಲರಿಗೆ ಎದುರು, ಮೈದಾನದ ಈಚೆಯ ಗೆರೆಯ ಬಳಿ. ಹೊಸ ಗಂಡ, ಚೆಂಡಿಗಿಂತ ಹೆಚ್ಚು ಹೆಂಡತಿಯ ಕಡೆ ಕಣ್ಣು ಹೋಗುತ್ತಿತ್ತು. ಅವಳು ಉಟ್ಟಿದ್ದು ಗಾಢ ನೇರಳೆ ಸೀರೆ. ಅವಳ ಹಿಂದೆ ಶಾಲೆಯ ಹಂಚಿನ ಮಾಡು. ಆಟ ಶುರುವಾದಾಗ ಆ ಮಾಡಿನ ತುದಿ ಅವಳ ಸೊಂಟದ ಮಟ್ಟಕ್ಕಿತ್ತು. ಅದರ ಮೇಲೆ ಅವಳ ಭುಜ, ತಲೆ, ನಗು ಎಲ್ಲ ಆಕಾಶದಲ್ಲಿದ್ದವು. ಚೆನ್ನಾಗಿ ಕಾಣುತ್ತಾಳೆ ಎಂದುಕೊಂಡೆ.

ದ್ವಿತೀಯಾರ್ಧದಲ್ಲಿ ಒಮ್ಮೆ ನೋಡುತ್ತೇನೆ, ಮಾಡಿನ ತುದಿ ಅವಳ ಭುಜಕ್ಕೆ ಬಂದಿದೆ.

ನಾನು ಕುರ್ಚಿಯಲ್ಲಿ ಜಾರಿದ್ದೇನೆ ಎಂದು ನೆಟ್ಟಗೆ ಕೂತೆ. ಭುಜಕ್ಕೇ ಇತ್ತು. ಅವಳು ಬಗ್ಗಿ ಕೂತಿದ್ದಾಳೆ ಎಂದುಕೊಂಡೆ. ಪಕ್ಕದಲ್ಲಿ ಗಿರಿಜಕ್ಕನೂ ಅಷ್ಟೇ ಕೆಳಗಿದ್ದಳು. ಆಚೆ ತುದಿಯಲ್ಲಿ ಕೂತ ಗಂಡಸರ ತಲೆಗಳು ಮಾತ್ರ ಮೊದಲಿದ್ದಲ್ಲೇ ಇದ್ದಂತೆ ಕಂಡವು. ಇದು ನನ್ನ ಹೆದರಿಕೆಯೋ, ನಿಜವೋ ಎಂದು ನನಗೇ ಗೊತ್ತಾಗಲಿಲ್ಲ. ಪುಕ್ಕಲನ ಕಷ್ಟ ಅದೇ. ನಿಜವಾಗಿ ಹೆದರುವಂಥದ್ದು ಬಂದಾಗಲೂ ಅದು ದಿನದ ಹೆದರಿಕೆಯಂತೆಯೇ ಕಾಣುತ್ತದೆ.

ಸದಾನಂದನನ್ನು ಕರೆದು ಕಿವಿಯಲ್ಲಿ ಹೇಳಿದೆ. "ಶುರುವಾಯಿತು ನಿಮ್ಮದು" ಎಂದ. ಆದರೆ ನನ್ನ ಮುಖ ನೋಡಿ ಏನನ್ನಿಸಿತೋ, ಪಂಚೆ ಎತ್ತಿ ಕಟ್ಟಿಕೊಂಡು ಗ್ಯಾಲರಿಯ ಹಿಂಬದಿಗೆ ಹೋದ. ಬರುವಾಗ ಅವನ ಕಾಲು ಮೊಣಕಾಲಿನವರೆಗೆ ಕೆಸರು.

"ಆ ತುದಿಯಲ್ಲಿ ಕಂಬದ ಬುಡ ಪಾಯಸದ ಹಾಗೆ ಆಗಿದೆ ಮಾಸ್ಟ್ರೇ. ಹಳೆ ಗದ್ದೆಯ ಕೆಸರು ಮೇಲೆ ಬಂದಿದೆ. ಒಂದು ಮೊಳ ಇಳಿದಿದೆ."

"ಮೈಕಿನಲ್ಲಿ ಹೇಳಲಾ?"

ಅವನು ನನ್ನ ಕೈಯನ್ನೇ ಹಿಡಿದುಬಿಟ್ಟ. "ಬೇಡ! ಬೀಳುತ್ತದೆ ಅಂತ ಕೇಳಿದರೆ ಒಬ್ಬರ ಮೇಲೊಬ್ಬರು ಹಾರುತ್ತಾರೆ. ಹೆಂಗಸರು, ಮಕ್ಕಳು ಅಡಿಗೆ ಸಿಕ್ಕಿ ಸಾಯುತ್ತಾರೆ."

"ಆಟ ನಿಲ್ಲಿಸಿದರೆ?"

"ನಿಲ್ಲಿಸಿದರೆ ಎಂತ ಮಾಡುತ್ತಾರೆ ಗೊತ್ತುಂಟಲ್ಲ. ಕಾಲು ಕುಟ್ಟುತ್ತಾರೆ."

ಆಗ ನನಗೆ ಹೊಳೆದದ್ದು ಇನ್ನೂ ಭಯಂಕರವಾಗಿತ್ತು. ಎರಡೂ ಕಡೆ ಗೋಲು ಆಗಿರಲಿಲ್ಲ. ಈಗ ನಮ್ಮವರು ಒಂದು ಗೋಲು ಹೊಡೆದರೆ ಸಾಕು, ಅಷ್ಟೂ ಜನ ಎದ್ದು ಕುಣಿಯುತ್ತಾರೆ. ನಮ್ಮೂರು ಗೆಲ್ಲಲಿ ಎಂದು ಬೆಳಿಗ್ಗೆ ದೇವರಿಗೆ ಕೈ ಮುಗಿದವನು, ದೇವರೇ ಗೋಲು ಬೇಡ, ಯಾರದ್ದೂ ಬೇಡ ಎಂದು ಬೇಡಿಕೊಳ್ಳತೊಡಗಿದೆ.

ನನ್ನ ಕೈಯಲ್ಲಿದ್ದದ್ದು ಮೈಕೊಂದೇ. ಜನರನ್ನು ತಣ್ಣಗೆ ಇಡುವುದು ಹೇಗೆಂದು ಯೋಚಿಸಿ, ಆಟದ ವಿವರಣೆಯನ್ನು ನಿಲ್ಲಿಸಿಬಿಟ್ಟೆ. ಒಂದು ಜೊತೆ ಚಪ್ಪಲಿ ಸಿಕ್ಕಿದೆ, ಕಳೆದುಕೊಂಡವರು ಬಂದು ಪಡೆಯಬೇಕು ಎಂದೆ. ಬಹುಮಾನಕ್ಕೆ ನೆರವಾದ ಮಹನೀಯರ ಹೆಸರುಗಳನ್ನು ಸಾವಕಾಶವಾಗಿ ಓದಿದೆ. ನಮ್ಮ ಫಾರ್ವರ್ಡ್ ಚೆಂಡು ಹಿಡಿದು ಗೋಲಿನತ್ತ ನುಗ್ಗುವಾಗ ನಾನು ಕುಡಿಯುವ ನೀರು ಎಲ್ಲಿ ಸಿಗುತ್ತದೆಂದು ವಿವರಿಸುತ್ತಿದ್ದೆ. "ಮಾಸ್ಟ್ರೇ, ನಿದ್ದೆ ಬಂತಾ?" ಎಂದು ಗ್ಯಾಲರಿಯಿಂದ ಕೂಗಿದರು. ಅಷ್ಟರಲ್ಲಿ ಅವನು ಹೊಡೆದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು ಹಿಂದೆ ಬಂತು. ಗ್ಯಾಲರಿಯ ಜನ ಅರ್ಧ ಎದ್ದರು. ನಾನು ಕಣ್ಣು ಮುಚ್ಚಿದೆ. ಓ ಎಂಬ ಉದ್ಗಾರ ಕೇಳಿತು, ಹಲಗೆಗಳು ಕಿರುಗುಟ್ಟಿದವು, ಮತ್ತೆ ಕೂತರು. ಕಣ್ಣು ಬಿಟ್ಟಾಗ ಹಂಚಿನ ಮಾಡು ಸುಜಾತಳ ಗಲ್ಲದ ಹತ್ತಿರವಿತ್ತು. ಅವಳು ನನ್ನತ್ತ ಕೈ ಬೀಸಿದಳು. ನಾನೂ ಬೀಸಿದೆ.

ಚೆಂಡು ಗೆರೆ ದಾಟಿ ನನ್ನ ಮೇಜಿನ ಹತ್ತಿರವೇ ಉರುಳಿ ಬಂತು. ಅದನ್ನೆತ್ತಿಕೊಂಡು ನಾನೇ ರೆಫರಿಯ ಬಳಿಗೆ ಓಡಿದೆ.

ರೆಫರಿ ಫೆಲಿಕ್ಸಣ್ಣ. ಹೆದ್ದಾರಿಯ ಹತ್ತಿರ ನೀರಿನ ಪಂಪು ರಿಪೇರಿ ಮಾಡುವ ಅಂಗಡಿ ಅವರದ್ದು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ನನ್ನ ಹತ್ತಿರ ಮಾತ್ರ ಪುಸ್ತಕದ ಹಾಗೆ ಕನ್ನಡ. ಸೀಟಿ ಬಾಯಿಗಿಟ್ಟರೆ ಅವರಿಗೆ ಅಣ್ಣನಿಲ್ಲ, ತಮ್ಮನಿಲ್ಲ. ಸ್ವಂತ ಅಕ್ಕನ ಮಗನಿಗೇ ಕೆಂಪು ಕಾರ್ಡು ತೋರಿಸಿ, ಆ ಅಕ್ಕನ ಮನೆಗೆ ಬಹಳ ಕಾಲ ಹೋಗಲಾಗದೆ ಕೂತವರು. ಸೋತ ತಂಡದವರೂ ಅವರ ತೀರ್ಪನ್ನು ಅನುಮಾನಿಸಿದ್ದನ್ನು ನಾನು ಕೇಳಿರಲಿಲ್ಲ. ಆ ಹೆಸರೇ ಅವರ ಆಸ್ತಿ ಎಂದು ಊರಲ್ಲಿ ಹೇಳುತ್ತಿದ್ದರು.

ಚೆಂಡು ಕೊಡುತ್ತಾ ಉಸಿರಿನಲ್ಲೇ ಹೇಳಿದೆ. ಅವರು ಗ್ಯಾಲರಿಯನ್ನು ಒಮ್ಮೆ ನೋಡಿದರು.

"ನೀವು ಸರಿಯಾಗಿ ನೋಡಿದಿರಾ?"

"ನಾನು ಹೆದರುವವ ಫೆಲಿಕ್ಸಣ್ಣ, ನಿಮಗೆ ಗೊತ್ತುಂಟಲ್ಲ. ಆದರೆ ಸದಾನಂದನೂ ನೋಡಿದ್ದಾನೆ."

"ಹೆದರುವವರೇ ಸರಿಯಾಗಿ ನೋಡುವುದು," ಎಂದರು. "ಸದಾನಂದನಿಗೆ ಹಗ್ಗ ತರಲಿಕ್ಕೆ ಹೇಳಿ. ನೀವು ಮೈಕಿನಲ್ಲಿ ಎಂತದೂ ಹೇಳಬೇಡಿ. ಎಂತ ಆದರೂ ಹೇಳಬೇಡಿ."

ನಾನು ಮೇಜಿಗೆ ವಾಪಸು ಬಂದೆ. ಏನು ಮಾಡುತ್ತಾರೆಂದು ನನಗೆ ತಿಳಿಯಲಿಲ್ಲ. ಆಟ ಮತ್ತೆ ಶುರುವಾಯಿತು. ಚೆಂಡು ಗ್ಯಾಲರಿಯ ಕುಸಿಯುತ್ತಿದ್ದ ತುದಿಯಿಂದ ದೂರದ ಗೋಲಿನ ಕಡೆಗೆ, ನಮ್ಮವರ ಗೋಲಿನ ಕಡೆಗೆ, ಹೋಯಿತು. ಹೂಡೆಯವನೊಬ್ಬ ಒದ್ದ ಚೆಂಡಿಗೆ ದಿನೇಶ ಎದೆ ಕೊಟ್ಟ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಅಷ್ಟು ದೂರದಿಂದ ನನಗೂ ಕಂಡಿತು. ಸೀಟಿ ಕೂಗಿತು. ಫೆಲಿಕ್ಸಣ್ಣ, ಗೋಲಿನ ಮುಂದೆ ಚೆಂಡು ಕೈಗೆ ತಾಗಿತೆಂದು, ಪೆನಾಲ್ಟಿಯ ಗುರುತಿನತ್ತ ಕೈ ಚಾಚಿ ನಿಂತಿದ್ದರು.

ಇಡೀ ಮೈದಾನ ಒಂದು ಗಳಿಗೆ ಬಾಯಿಬಿಟ್ಟುಕೊಂಡಿತು. ಹೂಡೆಯ ಆಟಗಾರನೇ, "ಇಲ್ಲ ಸರ್, ಕೈಗೆ ತಾಗಲಿಲ್ಲ" ಎಂದನಂತೆ. ಫೆಲಿಕ್ಸಣ್ಣನಿಗೆ ವಯಸ್ಸಾಯಿತು, ಕಣ್ಣು ಹೋಯಿತು ಎಂದೇ ನಾನೂ ಅಂದುಕೊಂಡೆ. ಆಮೇಲೆ ಗ್ಯಾಲರಿ ಖಾಲಿಯಾಗುವುದನ್ನು ನೋಡಿದೆ.

ಗಂಡಸರೆಲ್ಲ ಇಳಿದರು. ಕೆಲವರು ಪೆನಾಲ್ಟಿ ನೋಡಲು, ಹೆಚ್ಚಿನವರು ರೆಫರಿಯ ಕುತ್ತಿಗೆ ಹಿಡಿಯಲು. ಪ್ರತಿ ಸಲ ಇಳಿಯಬೇಡಿ ಎಂದು ಕೂಗುತ್ತಿದ್ದವನು ಆ ದಿನ ಮೈಕನ್ನೇ ಆರಿಸಿಬಿಟ್ಟೆ. ಇಳಿಯುವ ರಭಸಕ್ಕೆ ಗ್ಯಾಲರಿ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತೂಗಿತು. ಕೊನೆಯ ಗಂಡಸು ನೆಲ ಮುಟ್ಟುವ ತನಕ ನಾನು ಕಂಬಗಳನ್ನೇ ನೋಡುತ್ತಿದ್ದೆ.

ಆದರೆ ಹೆಂಗಸರು ಇಳಿಯಲಿಲ್ಲ. ಅವರು ಪೆನಾಲ್ಟಿಗೆಂದು ಯಾವತ್ತೂ ಇಳಿದವರಲ್ಲ. ಕುಸಿದ ತುದಿಯಲ್ಲಿ, ಮಡಿಲಲ್ಲಿ ಮಕ್ಕಳನ್ನಿಟ್ಟುಕೊಂಡು, ಗಂಡಸರ ಜಗಳ ನೋಡುತ್ತಾ ಕೂತಿದ್ದರು.

ಮೈದಾನದ ನಡುವೆ, ಹೆಲಿಕಾಪ್ಟರಿನ ಅಳಿದುಳಿದ ಹೆಚ್ ಅಕ್ಷರ ತುಳಿದುಕೊಂಡು, ನಾನು ಗ್ಯಾಲರಿಯತ್ತ ನಡೆದೆ. ಓಡಬಾರದು ಎಂದು ಕಾಲಿಗೆ ಹೇಳುತ್ತಿದ್ದೆ. ಕೆಳಗೆ ನಿಂತು, "ಸುಜಾತ, ಸ್ವಲ್ಪ ಇಳಿದು ಬಾ" ಎಂದೆ.

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. "ಹೊಸ ಮದುಮಗನಿಗೆ ಆಟ ಮುಗಿಯುವ ತನಕ ಪುರುಸೊತ್ತಿಲ್ಲ," ಎಂದಳು ಒಬ್ಬಳು. ಸುಜಾತ ನಾಚಿ, ಸೀರೆ ಸರಿಮಾಡಿಕೊಂಡು, "ಎಂತದು? ಇಲ್ಲಿಂದಲೇ ಹೇಳಿ" ಎಂದಳು. ನಾನು ಸುಮ್ಮನೆ ಅವಳನ್ನು ನೋಡಿದೆ. ಅವಳು ನಗು ನಿಲ್ಲಿಸಿ ಎದ್ದಳು. ಒಂದೊಂದು ಹಲಗೆಗೂ ಕೈ ಊರಿ ಇಳಿದಳು. ಅವಳ ಕೈ ಸಿಕ್ಕಿದ ಮೇಲೆ ಗಿರಿಜಕ್ಕನಿಗೆ ಹೇಳಿದೆ, "ಅಕ್ಕ, ನೀವೂ ಬನ್ನಿ. ಎಲ್ಲರೂ ಬನ್ನಿ. ಮಕ್ಕಳನ್ನು ಮೊದಲು ಕೊಡಿ. ಗಡಿಬಿಡಿ ಬೇಡ, ಕುಣಿಯಬೇಡಿ."

ಗಿರಿಜಕ್ಕ ನನ್ನ ಮುಖ ನೋಡಿದಳು, ಕಾಲಡಿಯ ಸಂದಿಯಲ್ಲಿ ಕೆಳಗೆ ನೋಡಿದಳು. ಪಕ್ಕದವಳ ಕೂಸನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ನಗುತ್ತಲೇ, ಗೊಣಗುತ್ತಲೇ, ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಕೊನೆಗೆ ಇಳಿದವಳು ಗಿರಿಜಕ್ಕ. ಅವಳು ನೆಲಕ್ಕೆ ಕಾಲಿಟ್ಟ ಮೇಲೆ ಸದಾನಂದ ಗ್ಯಾಲರಿಯ ಮುಂದೆ ಅಡ್ಡ ಹಗ್ಗ ಬಿಗಿದ.

ಅಷ್ಟು ಹೊತ್ತೂ ಫೆಲಿಕ್ಸಣ್ಣ ಪೆನಾಲ್ಟಿ ಹೊಡೆಯಲು ಬಿಟ್ಟಿರಲಿಲ್ಲ. ಗುರುತು ಅಳಿಸಿದೆ, ಸುಣ್ಣ ತನ್ನಿ ಎಂದರಂತೆ. ಜನ ಹಿಂದೆ ಸರಿಯಲಿ ಎಂದರಂತೆ. ಅವರ ಅಂಗಿ ಹರಿದಿತ್ತು. ಯಾರೋ ಹಿಂದಿನಿಂದ ತಲೆಗೆ ಹೊಡೆದಿದ್ದರು. ದಿನೇಶ ಅವರೆದುರು ನಿಂತು, ಎಲ್ಲರೂ ಕೇಳುವ ಹಾಗೆ, "ನನ್ನ ಅಮ್ಮನ ತಲೆಯಾಣೆ, ಚೆಂಡು ನನ್ನ ಕೈಗೆ ತಾಗಲಿಲ್ಲ" ಎಂದಿದ್ದ. ಫೆಲಿಕ್ಸಣ್ಣ ಅವನ ಮುಖ ನೋಡದೆ, "ಪೆನಾಲ್ಟಿ" ಎಂದಷ್ಟೇ ಹೇಳಿದರು. ಹೂಡೆಯವರು ಹೊಡೆದರು, ಗೋಲಾಯಿತು, ಉಳಿದ ಸ್ವಲ್ಪ ಹೊತ್ತು ಜನ ಗೆರೆಯ ಸುತ್ತ ನಿಂತು ಬೈಯುತ್ತಾ ನೋಡಿದರು. ನಾವು ಸೋತೆವು. ಬಹುಮಾನ ಕೊಡುವಾಗಲೇ ಮಳೆ ಶುರುವಾಗಿ ಎಲ್ಲರೂ ಚದುರಿದರು.

ಗ್ಯಾಲರಿ ಬೀಳಲಿಲ್ಲ.

ಎಲ್ಲರೂ ಹೋದ ಮೇಲೆ ಫೆಲಿಕ್ಸಣ್ಣ ಅದರ ಅಡಿಗೆ ಬಂದರು. ಕೆಸರಿನಲ್ಲಿ ನಿಂತು ಒಂದು ಕಂಬವನ್ನು ಕೈಯಿಂದ ತಳ್ಳಿದರು. ಅಲ್ಲಾಡಲಿಲ್ಲ. ಭುಜ ಕೊಟ್ಟು ತಳ್ಳಿದರು. ಆಗಲೂ ಇಲ್ಲ. ಮಳೆ ನೀರು ಮುಖದಲ್ಲಿ ಇಳಿಯುತ್ತಿರುವಾಗ ನನ್ನನ್ನು ಕೇಳಿದರು, "ಮಾಸ್ಟ್ರೇ, ಇದು ಬೀಳುತ್ತಿತ್ತಾ?"

ನಾನೂ ಆ ಕಂಬಕ್ಕೆ ಕೈ ಇಟ್ಟು ನೋಡಿದೆ.

"ನಿಜ ಹೇಳಿಬಿಡುವ, ಫೆಲಿಕ್ಸಣ್ಣ," ಎಂದೆ. ಸದಾನಂದ ತಲೆ ತಗ್ಗಿಸಿ, ಅನುಮತಿ ಕೊಡುವ ಆಫೀಸಿನವರಿಗೆ ತಿಳಿದರೆ ಇನ್ನು ಮೈದಾನ ಆಟಕ್ಕೆ ಕೊಡುವುದಿಲ್ಲ ಎಂದ. ಫೆಲಿಕ್ಸಣ್ಣ ನಕ್ಕರು. "ಹೇಳಿದರೂ ಯಾರು ನಂಬುತ್ತಾರೆ? ನಿಂತೇ ಉಂಟಲ್ಲ ಅದು. ತಪ್ಪು ತೀರ್ಪು ಕೊಟ್ಟವ ಕಥೆ ಕಟ್ಟುತ್ತಾನೆ ಅನ್ನುತ್ತಾರೆ. ಬಿಡಿ." ಯಾರಿಗೂ ಹೇಳಬಾರದೆಂದು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡರು. ಮರುದಿನ ಬಿಚ್ಚುವಾಗ ಕೆಲವು ಕಂಬಗಳು ಕೆಸುವಿನ ಗಡ್ಡೆ ಕಿತ್ತ ಹಾಗೆ ಕೈಗೇ ಬಂದವು. ಎರಡು ಎಷ್ಟು ಎಳೆದರೂ ಬರದೆ ಕಡಿದು ತೆಗೆಯಬೇಕಾಯಿತು. ಅದರಿಂದಲೂ ನಮಗೆ ಏನೂ ತೀರ್ಮಾನವಾಗಲಿಲ್ಲ.

ಆ ಮಳೆಗಾಲ ನನಗೆ ನೆಮ್ಮದಿ ಇರಲಿಲ್ಲ. ಫೆಲಿಕ್ಸಣ್ಣನ ಅಂಗಡಿಯ ಮುಂದೆ ಹೋಗುವ ಬಸ್ಸಿನಿಂದ ಹುಡುಗರು ಕೈ ಹೊರಗೆ ಹಾಕಿ "ಹ್ಯಾಂಡ್! ಹ್ಯಾಂಡ್!" ಎಂದು ಕೂಗುತ್ತಿದ್ದರು. ಮೀನು ಮಾರ್ಕೆಟಿನಲ್ಲಿ, ಇಗರ್ಜಿಯ ಬಾಗಿಲಲ್ಲಿ, ಎಲ್ಲಿ ಕಂಡರೂ ಯಾರಾದರೊಬ್ಬರು ಕೈ ಎತ್ತಿ ತೋರಿಸುತ್ತಿದ್ದರು. ಹೂಡೆಯವರಿಂದ ಏನೋ ತಿಂದಿದ್ದಾರೆ ಎಂಬ ಮಾತೂ ಹುಟ್ಟಿತು. ಅವರು ನಗುತ್ತಿದ್ದರು, ಪಂಪಿಗೆ ತಂತಿ ಸುತ್ತುತ್ತಿದ್ದರು. ನಾವಿಬ್ಬರೇ ಇದ್ದಾಗ ಮಾತ್ರ ಅದೇ ಪ್ರಶ್ನೆ: "ಬೀಳುತ್ತಿತ್ತಾ ಮಾಸ್ಟ್ರೇ?" ನನ್ನ ಹುಟ್ಟುಗುಣದ ಹೆದರಿಕೆಯೇ ಒಬ್ಬ ಒಳ್ಳೆಯ ಮನುಷ್ಯನ ಹೆಸರನ್ನು ತಿಂದುಹಾಕಿತೇ ಎಂದು ನಾನು ಮಾಡಿನಿಂದ ಸುರಿಯುವ ನೀರು ನೋಡುತ್ತಾ ಕೂರುತ್ತಿದ್ದೆ. ಕೈ ಹಿಡಿದು ಇಳಿಸಿದವಳಿಗೆ ಮಾತ್ರ ಮುಚ್ಚಿಡಲಾಗಿರಲಿಲ್ಲ; ಹಾಗೇನಿಲ್ಲ ಎಂದು ಸುಜಾತ ಹೇಳುತ್ತಿದ್ದಳು. ಕಾಲಡಿಯ ಹಲಗೆ ಓರೆಯಾದದ್ದು ಅವಳಿಗೂ ಗೊತ್ತಾಗಿತ್ತಂತೆ, ಗ್ಯಾಲರಿಯೆಂದರೆ ಹಾಗೆಯೇ ಇರುವುದು ಎಂದುಕೊಂಡಿದ್ದಳಂತೆ.

ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳ ಒಂದು ಮಧ್ಯಾಹ್ನ ನಾನು ಆ ಅಂಗಡಿಯಲ್ಲಿದ್ದೆ. ಜಡಿಮಳೆ. ದಿನೇಶ ಕೊಡೆ ಮಡಚಿ, ಬೇರೆ ಅಂಗಡಿ ತೆರೆದಿಲ್ಲವಾದ್ದರಿಂದ, ಮುಖ ಗಂಟಿಕ್ಕಿಕೊಂಡೇ ಒಂದು ಹಾಳಾದ ಪಂಪು ತಂದಿಟ್ಟ. ಫೆಲಿಕ್ಸಣ್ಣ ಕೈಯ ಎಣ್ಣೆ ಒರೆಸಿಕೊಂಡು ಎದ್ದು ನಿಂತರು.

"ದಿನೇಶ, ಆ ದಿನ ನಿನ್ನ ಕೈಗೆ ಚೆಂಡು ತಾಗಲಿಲ್ಲ."

"ಅದು ನನಗೆ ಗೊತ್ತುಂಟು," ಎಂದ ಅವನು. "ನಿಮಗೆ ಗೊತ್ತುಂಟಾ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಎಂತಕ್ಕೆ ಕೊಟ್ಟದ್ದು?"

ಫೆಲಿಕ್ಸಣ್ಣ ನನ್ನ ಕಡೆ ನೋಡಿದರು. ಕೊಟ್ಟ ಮಾತಿನಿಂದ ನನ್ನನ್ನು ಬಿಟ್ಟರು ಎಂದು ಅರ್ಥವಾಗಿ ನಾನು ಎಲ್ಲವನ್ನೂ ಹೇಳಿದೆ. ಮೇಲಿನ ಹಲಗೆಯಲ್ಲಿ ಯಾರ್‍ಯಾರು ಕೂತಿದ್ದರು ಎಂದೂ ಹೇಳಿದೆ. ದಿನೇಶ ಕೇಳುತ್ತಾ ಕೇಳುತ್ತಾ ಬೆಂಚಿನ ಮೇಲೆ ಕೂತ. ಅವನ ಅಮ್ಮ ಕೊನೆಗೆ ಇಳಿದಳೆಂದಾಗ ತಲೆ ಎತ್ತಿದ. ಮಳೆ ನಿಲ್ಲುವ ಮೊದಲೇ, ಕೊಡೆಯನ್ನು ಅಲ್ಲೇ ಮರೆತು, ಎದ್ದು ಹೋದ.

ಮುಂದಿನ ಟೂರ್ನಮೆಂಟಿನ ಸಭೆ ಶಾಲೆಯ ಜಗಲಿಯಲ್ಲಿ ಸೇರಿದಾಗ ಚಳಿಗಾಲ ಕಳೆಯುತ್ತಾ ಬಂದಿತ್ತು. ಪಾರೆಯಲ್ಲಿ ಹೊಸ ಗುಂಡಿಗಳನ್ನು ಕಡಿಸುವುದೆಂದು ಸದಾನಂದ ಎದ್ದು ನಿಂತು ಹೇಳಿದ. ಯಾರೂ ಕಾರಣ ಕೇಳಲಿಲ್ಲ. ರೆಫರಿಯ ಮಾತು ಬಂದ ಕೂಡಲೇ ನಗೆ ಎದ್ದಿತು. ಮಂಗಳೂರಿನಿಂದ ಬೇರೆಯವರನ್ನು ಕರೆಸುವ, ಫೆಲಿಕ್ಸಣ್ಣ ಮನೆಯಲ್ಲಿ ಮಲಗಲಿ ಎಂದ ಒಬ್ಬ. ನಾನು ಏಳಬೇಕೆಂದು ಚಡಪಡಿಸುತ್ತಿದ್ದೆ. ನಂಬುತ್ತಾರೆಯೇ ಎಂಬ ಭಯದಲ್ಲಿ ಕೂತೇ ಇದ್ದೆ.

ಎದ್ದದ್ದು ದಿನೇಶ. ಕಂಡಕ್ಟರನ ಖಾಕಿಯಲ್ಲೇ ಬಂದಿದ್ದ.

"ಆ ದಿನ ಚೆಂಡು ನನ್ನ ಕೈಗೆ ತಾಗಿತ್ತು," ಎಂದ. "ಬೆನ್ನ ಹಿಂದೆ ಕಟ್ಟಿದ್ದೆ ಅಂತ ನೀವು ನೋಡಿದ್ದು ಸರಿ. ಕೊನೆ ಗಳಿಗೆಗೆ ಮೊಣಕೈ ತಂದೆ. ನಿಮಗೆ ಕಾಣಲಿಲ್ಲ, ಅವರಿಗೆ ಕಂಡಿತು. ಅವರ ತೀರ್ಪು ಸರಿ ಉಂಟು."

ಜಗಲಿಯಲ್ಲಿದ್ದವರೆಲ್ಲ ಒಟ್ಟಿಗೆ ಅವನ ಮೇಲೆ ಬಿದ್ದರು. ಊರಿನ ಮಾನ ಕಳೆದೆ, ಒಂದು ವರ್ಷ ಆ ಮುದುಕನಿಗೆ ಬೈಸಿದೆ, ಹೆತ್ತ ಅಮ್ಮನ ತಲೆ ಮೇಲೆ ಸುಳ್ಳು ಆಣೆ ಹಾಕಿದೆಯಲ್ಲ ಮಾರಾಯ ಎಂದರು. ಅವನು ಎರಡೂ ಕೈ ಕಟ್ಟಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಸದಾನಂದ ನೆಲ ನೋಡುತ್ತಿದ್ದ. ನನ್ನ ಕಣ್ಣು ತುಂಬಿ ಎದುರಿನವರ ಮುಖಗಳು ಕಾಣಲಿಲ್ಲ.

ಆ ಏಪ್ರಿಲ್‌ನಲ್ಲಿ ಸೀಟಿ ಮತ್ತೆ ಫೆಲಿಕ್ಸಣ್ಣನ ಬಾಯಿಗೆ ಬಂತು. ದಿನೇಶ ಮಾಡಿದ್ದು ತಿಳಿದಾಗ ಅವರು, "ಅವನು ಹಾಗೆ ಹೇಳಬಾರದಿತ್ತು" ಎಂದಿದ್ದರು.

ಗಿರಿಜಕ್ಕನಿಗೆ ಈ ಸುದ್ದಿ ಮುಟ್ಟಿದ್ದು ಕಟ್ಟಿದ ಬೀಡಿಯನ್ನು ಗುತ್ತಿಗೆದಾರರಿಗೆ ಕೊಡಲು ಹೋದಲ್ಲಿ. ಸುಜಾತಳೂ ಜೊತೆಗಿದ್ದಳು. "ಎಂಥ ಮಗನನ್ನು ಹೆತ್ತೆ ಗಿರಿಜ, ನಿನ್ನ ತಲೆ ಮೇಲೆ ಕೈಯಿಟ್ಟು ಸುಳ್ಳು ಹೇಳಿದನಲ್ಲ," ಎಂದು ಒಬ್ಬಳು ಎಲ್ಲರೆದುರು ಕೇಳಿದಳು. ಮಗ ಯಾವುದು ನಿಜ ಹೇಳಿದ, ಯಾವುದು ಸುಳ್ಳು ಹೇಳಿದ ಎಂದು ಗಿರಿಜಕ್ಕನಿಗೆ ಯಾರೂ ವಿವರಿಸಿರಲಿಲ್ಲ. ಅವಳು ಬೀಡಿಯ ಕಟ್ಟನ್ನು ಕೆಳಗಿಟ್ಟು, ಎರಡೂ ಕೈಯಿಂದ ತನ್ನ ತಲೆಯನ್ನು ಮುಟ್ಟಿ ನೋಡಿಕೊಂಡಳಂತೆ.

"ಇದ್ದಲ್ಲೇ ಉಂಟಲ್ಲ," ಎಂದಳಂತೆ.